ಎಬ್ಬಿಸು, ಒಕ್ಕಲೆಬ್ಬಿಸು: ಪದೇ ಪದೇ ಕೇಳೋ ಪ್ರಶ್ನೆಗಳು

ಆಫೀಸಲ್ಲಿ ಕನ್ನಡ ಕಲಿತಾ ಇರೋ ಇಬ್ರು ಇದಾರೆ, ಮನೇಲಿ ಪೇಪರ್ ಓದಿ ಅರ್ಥ ಕೇಳೋ ಅಣ್ಣನ ಮಗಳು ಒಬ್ಳು. ಈ ಮೂರೂ ಜನ ಕೇಳಿದ್ದನ್ನೇ ತಿರುಗಿಸಿ ಮುರುಗಿಸಿ ಕೇಳ್ತಾರೆ, ನಾನೂ ಹೇಳಿದ್ದನ್ನೇ ಹೇಳ್ತೀನಿ. ಅದಕ್ಕೆ ಒಂದು ಸಲ ಬರೆದು ಇಟ್ಬಿಡೋಣ ಅನ್ನಿಸ್ತು. ನಾನು ಭಾಷಾಶಾಸ್ತ್ರ ಓದಿದವನಲ್ಲ, ಸಾಗರದ ಕಡೆಯವನು, ಈ ಪದ ನಮ್ಮನೇಲಿ ಅಡುಗೆಮನೆಯಿಂದ ಹಿಡಿದು ಕೋರ್ಟ್ ಕಾಗದದವರೆಗೂ ಓಡಾಡಿದೆ, ಅಷ್ಟೇ ಕ್ವಾಲಿಫಿಕೇಷನ್ನು.

ಎಬ್ಬಿಸು ಅಂದ್ರೆ ನಿದ್ದೆಯಿಂದ ಎಚ್ಚರ ಮಾಡೋದಲ್ವಾ? ಜನರನ್ನ ಹೊರಗೆ ಹಾಕೋದಕ್ಕೆ ಈ ಪದ ಯಾಕೆ?

ಎರಡೂ ಒಂದೇ ಕೆಲಸ, ನೋಡಿ. ಏಳು ಅನ್ನೋ ಧಾತುವಿಗೆ ನಿದ್ದೆ ಬಿಡೋದು, ಕೂತಲ್ಲಿಂದ ಎದ್ದು ನಿಲ್ಲೋದು, ಜಾಗ ಬಿಟ್ಟು ಹೊರಡೋದು, ಅಂಟಿಕೊಂಡಿದ್ದು ಕಳಚಿಕೊಳ್ಳೋದು ಇಷ್ಟೂ ಅರ್ಥ ಇದೆ. ಇನ್ನೊಬ್ಬರ ಕೈಲಿ ಇದನ್ನ ಮಾಡಿಸಿದ್ರೆ ಎಬ್ಬಿಸು. "ಮಗೂನ ಎಬ್ಬಿಸು" ಅಂದ್ರೂ ಅದೇ, "ಅವರನ್ನ ಅಲ್ಲಿಂದ ಎಬ್ಬಿಸು" ಅಂದ್ರೂ ಅದೇ, ವ್ಯತ್ಯಾಸ ಎಲ್ಲ ಆ 'ಅಲ್ಲಿಂದ' ಅನ್ನೋದ್ರಲ್ಲಿ. ಪಂಚಮಿ ವಿಭಕ್ತಿ ಬಂತು ಅಂದ್ರೆ ಯಾರದೋ ಜಾಗ ಹೋಯ್ತು ಅಂತ ಲೆಕ್ಕ. (ನಿದ್ದೆಯಿಂದ ಎಬ್ಬಿಸಿದ್ರೂ ಹೋಗೋದು ಜಾಗನೇ, ಚಳಿಗಾಲದಲ್ಲಿ ಕಂಬಳಿ ಒಳಗಿದ್ದವರಿಗೆ ಗೊತ್ತು.)

ಮಾಡು ಇದ್ದಿದ್ದು ಮಾಡಿಸು ಆಗತ್ತೆ, ಏಳು ಮಾತ್ರ ಯಾಕೆ ಎಬ್ಬಿಸು ಅಂತ ಇಷ್ಟು ಮುಖ ಬದಲಾಯಿಸತ್ತೆ ಅಂತ ಕಲಿಯೋರು ಕೇಳ್ತಾರೆ. ಹಳಗನ್ನಡದಲ್ಲಿ ಏಳುವಿನ ಕೊನೇಲಿ ಇದ್ದಿದ್ದು ಈಗಿನ ಳ ಅಲ್ಲ, ಈಗ ಬಳಕೇಲೇ ಇಲ್ಲದ ೞ ಅಕ್ಷರ. ಆ ಅಕ್ಷರ ಮುಂದಿನ ವ್ಯಂಜನದ ಜೊತೆ ಸೇರಿದ ಕಡೆ ಕರಗಿ ಒತ್ತಕ್ಷರ ಆಗ್ಬಿಟ್ಟಿದೆ, ಅದಕ್ಕೇ ಎದ್ದ, ಎಬ್ಬಿಸು. ಬಾಯಲ್ಲಿ ಎಬ್ಸು, ಉತ್ತರ ಕರ್ನಾಟಕದಲ್ಲಿ ಎಬಸು, ಕೆಲವು ಕಡೆ ಏಳ್ಸು ಅಂತಾನೂ ಅಂತಾರೆ, ಎಲ್ಲ ಸರಿನೇ.

ಒಕ್ಕಲೆಬ್ಬಿಸು ಅನ್ನೋದ್ರಲ್ಲಿ ಒಕ್ಕಲು ಅಂದ್ರೆ ಏನು? ಒಕ್ಕಲಿಗರಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ, ಆದ್ರೆ ಒಂದು ಜಾತಿಯವರನ್ನ ಎಬ್ಬಿಸೋದು ಅಂತ ಅಲ್ಲ, ಈ ಕನ್ಫ್ಯೂಷನ್ ಬೆಂಗಳೂರಲ್ಲಿ ಜಾಸ್ತಿ. ಒಕ್ಕಲು ಅಂದ್ರೆ ಒಂದು ಜಾಗದಲ್ಲಿ ನೆಲೆ ನಿಂತ ಸಂಸಾರ. ಬೇರೊಬ್ಬರ ಜಮೀನು ಗೇಣಿಗೆ ಮಾಡೋ ಮನೆಯವರಿಗೂ ಒಕ್ಕಲು ಅಂತಿದ್ರು, ಒಂದು ದೇವಸ್ಥಾನಕ್ಕೆ ತಲೆತಲಾಂತರದಿಂದ ನಡೆದುಕೊಳ್ಳೋ ಮನೆತನಕ್ಕೂ ಆ ದೇವರ ಒಕ್ಕಲು ಅಂತಾರೆ. ಉತ್ತರ ಕರ್ನಾಟಕದಲ್ಲಿ ಒಕ್ಕಲುತನ ಅಂದ್ರೆ ಬೇಸಾಯ. ಕೊಡಗಿಗೆ ಹೋದ್ರೆ ಒಕ್ಕ ಅಂದ್ರೆ ಮನೆತನ, ಹೆಸರಿನ ಜೊತೇಲೇ ಬರೋದು. ಕರಾವಳೀಲಿ ಹೊಸ ಮನೆಗೆ ಹೋಗೋ ಕಾರ್ಯಕ್ರಮಕ್ಕೆ ಮನೆ ಒಕ್ಕಲು ಅಂತಾರೆ, ತುಳುವಲ್ಲಿ ಇಲ್ಲೊಕ್ಕೆಲ್, ನಾವು ಈಗ ಗೃಹಪ್ರವೇಶ ಅಂತ ಕಾರ್ಡ್ ಪ್ರಿಂಟ್ ಮಾಡಿಸ್ತೀವಲ್ಲ ಅದೇ.

ಅಂದ್ರೆ ಹಾಲು ಉಕ್ಕಿಸಿ ಒಕ್ಕಲು ಆಗ್ತೀವಿ, ಅದನ್ನ ಉಲ್ಟಾ ಮಾಡಿದ್ರೆ ಒಕ್ಕಲೆಬ್ಬಿಸೋದು. ಇಷ್ಟು ಗೊತ್ತಾದ್ಮೇಲೆ ಆ ಪದ ಪೇಪರಲ್ಲಿ ಕಂಡ್ರೆ ಸುಮ್ಮನೆ ದಾಟಿ ಹೋಗಕ್ಕಾಗಲ್ಲ, ನನಗಂತೂ ಆಗಲ್ಲ.

ಇನ್ನು ಒಕ್ಕು ಅಂತ ಒಂದಿದೆ, ತೆನೆ ಬಡಿದು ಕಾಳು ಬೇರೆ ಮಾಡೋದು, ಒಕ್ಕಣೆ. "ಒಕ್ಕಲಿಗ ಒಕ್ಕದಿದ್ರೆ ಬಿಕ್ಕುವುದು ಜಗವೆಲ್ಲ" ಅನ್ನೋ ಗಾದೇಲಿ ಇರೋದು ಈ ಒಕ್ಕು. ಎರಡನ್ನೂ ಗಾದೆ ಸೇರಿಸಿ ಆಟ ಆಡಿದೆ, ನೀವು ಅರ್ಥ ಬರೆಯುವಾಗ ಸೇರಿಸಬೇಡಿ.

ಬರೆಯೋದು ಒಕ್ಕಲೆಬ್ಬಿಸು ಅಂತಲೋ ಒಕ್ಕಲು ಎಬ್ಬಿಸು ಅಂತಲೋ?

ಕೂಡಿಸಿ ಬರೀರಿ. ಒಕ್ಕಲು ಮತ್ತೆ ಎಬ್ಬಿಸು ಸೇರುವಾಗ ಉ ಬಿದ್ದು ಹೋಗತ್ತೆ, ಲೋಪಸಂಧಿ, ಏಳನೇ ಕ್ಲಾಸಲ್ಲಿ ಊರೂರು, ಮಾತಿಲ್ಲ ಅಂತ ಬಾಯಿಪಾಠ ಮಾಡಿದ್ದು. "ಒಕ್ಕಲೆಬಿಸು" ಅಂತ ಒತ್ತು ನುಂಗಬೇಡಿ.

ಸುದ್ದೀಲಿ ಒಂದ್ಸಲ "ತೆರವು ಕಾರ್ಯಾಚರಣೆ" ಅಂತಾರೆ, ಒಂದ್ಸಲ "ಒಕ್ಕಲೆಬ್ಬಿಸಿದರು" ಅಂತಾರೆ. ಎರಡೂ ಒಂದೇನಾ?

ಈ ಒಂದು ಪ್ರಶ್ನೆಗೋಸ್ಕರನೇ ಇಷ್ಟುದ್ದ ಬರೀತಾ ಇದೀನಿ ಅಂದ್ಕೊಳಿ.

ಕರ್ಮಪದ ನೋಡಿ, ಅಂದ್ರೆ ಏನನ್ನ, ಯಾರನ್ನ ಅನ್ನೋದು. ತೆರವು ಮಾಡೋದು ಏನನ್ನ? ಜಾಗವನ್ನ, ಒತ್ತುವರಿಯನ್ನ, ಶೆಡ್ಡನ್ನ. ಒಕ್ಕಲೆಬ್ಬಿಸೋದು ಯಾರನ್ನ? ಜನರನ್ನ. "ಒತ್ತುವರಿ ತೆರವು" ಅಂತ ಹೆಡ್‌ಲೈನ್ ಹಾಕಿದ್ರೆ ಆ ವಾಕ್ಯದಲ್ಲಿ ಮನುಷ್ಯರೇ ಇಲ್ಲ, ಕಸ ಗುಡಿಸಿದ ಹಾಗೆ ಕೇಳಿಸತ್ತೆ. "ಇಷ್ಟು ಮನೆಯವರನ್ನ ಒಕ್ಕಲೆಬ್ಬಿಸಿದರು" ಅಂದ ತಕ್ಷಣ ಪಾತ್ರೆ, ಹಾಸಿಗೆ, ಸ್ಕೂಲ್ ಬ್ಯಾಗು, ಕಟ್ಟಿಹಾಕಿದ ದನ ಎಲ್ಲ ಕಣ್ಣಿಗೆ ಬರತ್ತೆ. ಜೆಸಿಬಿ ಒಂದೇ, ಬೆಳಗ್ಗೆ ಬಂದ ಟೈಮೂ ಒಂದೇ, ಆದ್ರೆ ಯಾವ ಕ್ರಿಯಾಪದ ಹಾಕ್ತೀರ ಅನ್ನೋದ್ರ ಮೇಲೆ ಓದೋನು ಎಲ್ಲಿ ನಿಂತು ನೋಡ್ತಾನೆ ಅನ್ನೋದು ಬದಲಾಗತ್ತೆ, ರಸ್ತೆ ಕಡೆಯಿಂದಲೋ ಮನೆ ಒಳಗಿಂದಲೋ.

ಹಾಗಂತ ತೆರವು ಅನ್ನೋದು ಕೆಟ್ಟ ಪದ ಅಂತ ನಾನು ಹೇಳ್ತಿಲ್ಲ. ರಾಜಕಾಲುವೆ ಮೇಲೆ ಕಾಂಪೌಂಡ್ ಕಟ್ಟಿದ ದೊಡ್ಡ ಬಿಲ್ಡರ್‌ದು ಒಡೆದ್ರೆ ಅದು ತೆರವೇ, ಅಲ್ಲಿ ಯಾರೂ ಒಕ್ಕಲು ಇರ್ಲಿಲ್ಲ, ಅದಕ್ಕೆ ಒಕ್ಕಲೆಬ್ಬಿಸಿದ್ರು ಅಂತ ಗೋಳಾಡಿದ್ರೆ ಪದಕ್ಕೆ ಅವಮಾನ. ಒಲೆ ಉರೀತಿತ್ತಾ ಅಂತ ಕೇಳ್ಕೊಳಿ. ಉರೀತಿತ್ತು ಅಂದ್ರೆ ಒಕ್ಕಲೆಬ್ಬಿಸು, ಇಲ್ಲ ಅಂದ್ರೆ ತೆರವು.

ಇನ್ನೊಂದು ಚಾಲಾಕಿ ಇದೆ, "ಒಕ್ಕಲೆಬ್ಬಿಸಲಾಯಿತು". ಆ 'ಲಾಯಿತು' ಬಂದ್ರೆ ಮಾಡಿದವರು ಮಾಯ. ಯಾರು ಎಬ್ಬಿಸಿದ್ರು, ಯಾವ ಆರ್ಡರ್ ಮೇಲೆ, ಯಾರ ಸೈನು, ಒಂದೂ ಹೇಳಬೇಕಾಗಿಲ್ಲ. ಕಚೇರಿ ಕನ್ನಡಕ್ಕೆ ಈ ಲಾಯಿತು ಅಂದ್ರೆ ಪಂಚಪ್ರಾಣ.

ಓಡಿಸು ಅಂದ್ರೂ ಹೊರಗೆ ಹಾಕೋದೇ ತಾನೇ? "ನಾನು ಆಟೋ ಓಡಿಸ್ತೀನಿ" ಅಂದ್ರೆ ಆಟೋನ ಬೆದರಿಸಿ ಓಡಿಸೋದಾ?

ಇದನ್ನ ನಿಜವಾಗ್ಲೂ ಕೇಳಿದ್ರು, ನಗಬೇಡಿ. ಓಡು ಅಂದ್ರೆ ಓಡೋದು, ಓಡೋ ಹಾಗೆ ಮಾಡಿದ್ರೆ ಓಡಿಸು, ಗಾಡಿಗೂ ಅದೇ ನಾಯಿಗೂ ಅದೇ. ಒಳಗೆ ಕೂತು ಓಡಿಸಿದ್ರೆ ಡ್ರೈವಿಂಗು, ಹಿಂದೆ ನಿಂತು ಕೋಲು ಹಿಡಿದು ಓಡಿಸಿದ್ರೆ ಬೇರೆ. ಆದ್ರೆ ಎಬ್ಬಿಸು ಜೊತೆ ಹೋಲಿಸಿದ್ರೆ ಒಂದು ಮುಖ್ಯ ವ್ಯತ್ಯಾಸ ಇದೆ. ಓಡಿಸೋದು ಬಂದವರನ್ನ, ಎಬ್ಬಿಸೋದು ಇದ್ದವರನ್ನ. ತೋಟಕ್ಕೆ ಬಂದ ಮಂಗನ್ನ ಓಡಿಸ್ತೀವಿ. ಮನೆ ಕಟ್ಕೊಂಡು ನಲವತ್ತು ವರ್ಷ ಇದ್ದವರನ್ನ ಓಡಿಸಿದ್ರು ಅಂದ್ರೆ ಅವರು ನಿನ್ನೆ ಮೊನ್ನೆ ಬಂದವರು ಅನ್ನೋ ವಾಸನೆ ಬರತ್ತೆ, ಬೇಕಂತಲೇ ಹಾಗೆ ಬಳಸೋರೂ ಇದಾರೆ.

ಅಟ್ಟು, ದಬ್ಬು, ನೂಕು, ಕಿತ್ತಾಕು?

ದಬ್ಬು, ನೂಕು, ತಳ್ಳು ಇದ್ರಲ್ಲೆಲ್ಲ ಕೈ ಮೈಗೆ ತಾಗಬೇಕು. ಕತ್ತು ಹಿಡಿದು ದಬ್ಬೋದಕ್ಕೆ ಅರ್ಧಚಂದ್ರ ಪ್ರಯೋಗ ಅಂತ ಹಳೇ ತಮಾಷೆ ಇದೆ, ಕತ್ತು ಹಿಡಿಯುವಾಗ ಹೆಬ್ಬೆರಳು ಮತ್ತೆ ತೋರುಬೆರಳಿನ ನಡುವೆ ಆಗೋ ಆಕಾರ ನೋಡಿ, ಗೊತ್ತಾಗತ್ತೆ. ಅಟ್ಟು ಸ್ವಲ್ಪ ದೂರದ್ದು, ಬೆನ್ನಟ್ಟು, ಕಾಡಿಗಟ್ಟು. ಹಳಗನ್ನಡದಲ್ಲಿ ಅಟ್ಟು ಅಂದ್ರೆ ಕಳಿಸೋದು ಅಂತಾನೂ ಇತ್ತು, ದೂತರನ್ನ ಅಟ್ಟಿದ ಅಂದ್ರೆ ಓಡಿಸಿದ ಅಂತಲ್ಲ ಕಳಿಸಿದ ಅಂತ. ಜೊತೆಗೆ ಅಡುಗೆ ಮಾಡೋ 'ಅಡು'ವಿಗೂ ಅಟ್ಟು ಅನ್ನೋ ರೂಪ ಇದೆ, ಅಟ್ಟು ಉಣ್ಣೋದು ಅಂದ್ರೆ ಬೇಯಿಸಿ ಉಣ್ಣೋದು. ಹಳೇ ಪದ್ಯ ಓದುವಾಗ ಇದು ಕೈ ಕೊಡತ್ತೆ.

ಕಿತ್ತಾಕು ಅಂದ್ರೆ ಕಳೆ ಕಿತ್ತ ಹಾಗೆ. "ಕೆಲಸದಿಂದ ಕಿತ್ತಾಕಿದ್ರು" ಅಂತಾರಲ್ಲ ಅದು. ಬೇರು ಇತ್ತು ಅಂತ ಒಪ್ಕೊಂಡ ಹಾಗೆ ಆಯ್ತು, ಆ ಮಟ್ಟಿಗೆ ಪ್ರಾಮಾಣಿಕ ಪದ.

ಪಾರ್ಟಿಯಿಂದ ಉಚ್ಚಾಟನೆ, ಕೆಲಸದಿಂದ ವಜಾ, ಊರಿಂದ ಗಡಿಪಾರು. ಯಾವುದು ಎಲ್ಲಿ?

ಉಚ್ಚಾಟನೆ ಮಾಟಮಂತ್ರದ ಪದ. ತಾಂತ್ರಿಕರ ಷಟ್ಕರ್ಮ ಅಂತ ಇದೆಯಲ್ಲ, ವಶೀಕರಣ, ಸ್ತಂಭನ, ವಿದ್ವೇಷಣ, ಮಾರಣ, ಆ ಪಟ್ಟೀಲಿ ಉಚ್ಚಾಟನವೂ ಒಂದು. ಮೈಮೇಲೆ ಬಂದ ದೆವ್ವವನ್ನ ಬಿಡಿಸೋದಕ್ಕೂ ಇದೇ ಪದ. ಪಾರ್ಟಿಗಳು ಬಂಡಾಯ ಎದ್ದವರಿಗೆ "ಆರು ವರ್ಷ ಉಚ್ಚಾಟನೆ" ಅಂತ ಲೆಟರ್ ಕೊಡುವಾಗ ಆ ದೆವ್ವದ ನೆನಪು ಇಟ್ಕೊಂಡೇ ಕೊಡ್ತಾರೋ ಏನೋ. ಮುಂದಿನ ಎಲೆಕ್ಷನ್ ಹೊತ್ತಿಗೆ ಅದೇ ದೆವ್ವನ್ನ ಹಾರ ಹಾಕಿ ಒಳಗೆ ಕರ್ಕೊಳ್ಳೋದಕ್ಕೆ ಮಂತ್ರಶಾಸ್ತ್ರದಲ್ಲಿ ಪದ ಇದ್ದ ಹಾಗೆ ಕಾಣಲ್ಲ.

ವಜಾ ಪೂರ್ತಿ ಕಳಕೊಳ್ಳೋದು, ಅಮಾನತು ತಾತ್ಕಾಲಿಕ. ಅಮಾನತ್ ಅಂದ್ರೆ ಮೂಲದಲ್ಲಿ ಇಟ್ಟ ಠೇವಣಿ, ಅಂದ್ರೆ ನಿನ್ನನ್ನ ಎತ್ತಿಟ್ಟಿದೀವಿ, ವಿಚಾರಣೆ ಮುಗೀಲಿ ಅಂತ. ಎತ್ತಂಗಡಿ ಅಂದ್ರೆ ಎತ್ತು ಅಂಗಡಿ, ಟ್ರಾನ್ಸ್‌ಫರು, ಆದ್ರೆ ಇಷ್ಟ ಇಲ್ಲದ ಟ್ರಾನ್ಸ್‌ಫರು. ಕೇಳಿ ಪಡೆದಿದ್ದಕ್ಕೆ ಯಾರೂ ಎತ್ತಂಗಡಿ ಅನ್ನಲ್ಲ.

ಗಡಿಪಾರು ಪೊಲೀಸರದ್ದು. ಕರ್ನಾಟಕ ಪೊಲೀಸ್ ಕಾಯ್ದೆ 1963ರ 55ನೇ ಸೆಕ್ಷನ್ ಪ್ರಕಾರ ಒಬ್ಬನನ್ನ ಒಂದು ಪ್ರದೇಶದಿಂದ ಹೊರಗೆ ಇರು ಅಂತ ಆದೇಶ ಮಾಡಬಹುದು, ಗರಿಷ್ಠ ಎರಡು ವರ್ಷ. ಇಲ್ಲಿ ಮನೆ ಅವನದ್ದೇ, ಬೀಗ ಅವನ ಹತ್ರನೇ, ಕಾಲು ಇಡೋ ಹಾಗಿಲ್ಲ ಅಷ್ಟೇ. ಒಕ್ಕಲೆಬ್ಬಿಸೋದಕ್ಕೆ ಉಲ್ಟಾ. ಅಲ್ಲಿ ಕಾಲು ಅಲ್ಲೇ ಸುತ್ತಾಡ್ತಾ ಇರತ್ತೆ, ಮನೆ ಇರಲ್ಲ.

ಬಾಡಿಗೆ ಮನೆ ಓನರ್ ಖಾಲಿ ಮಾಡಿಸಿದ್ರೆ ಅದೂ ಒಕ್ಕಲೆಬ್ಬಿಸಿದ ಹಾಗೇನಾ?

ಮಾತಿನಲ್ಲಿ "ಖಾಲಿ ಮಾಡಿಸಿದ್ರು" ಅಂದ್ರೆ ಸಾಕು. 11 ತಿಂಗಳ ಅಗ್ರಿಮೆಂಟ್ ಮುಗೀತು, ಮಗನ ಮದುವೆ ಇದೆ ಮನೆ ಬೇಕು ಅಂದ್ರು, ಅಡ್ವಾನ್ಸಲ್ಲಿ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡ್ರು, ಇದಕ್ಕೆಲ್ಲ ಒಕ್ಕಲೆಬ್ಬಿಸಿದ್ರು ಅಂದ್ರೆ ಜಾಸ್ತಿ ಆಯ್ತು. ನಾನೇ ಹೀಗೆ ಮೂರು ಮನೆ ಬದಲಾಯಿಸಿದೀನಿ, ಬೈಕೊಂಡಿದೀನಿ ಅಷ್ಟೇ, ಒಕ್ಕಲು ಅಂತ ಅನ್ನಿಸೋ ಅಷ್ಟು ಬೇರು ಯಾವ ಮನೇಲೂ ಇಳಿದಿರ್ಲಿಲ್ಲ.

ಆ 11 ತಿಂಗಳು ಯಾಕೆ ಅಂತ ಎಲ್ರೂ ಕೇಳ್ತಾರೆ. ಒಂದು ವರ್ಷ ಮೀರಿದ ಲೀಸನ್ನ ರಿಜಿಸ್ಟರ್ ಮಾಡಿಸಲೇಬೇಕು ಅಂತ ನೋಂದಣಿ ಕಾಯ್ದೆ ಹೇಳತ್ತೆ, ಅದನ್ನ ತಪ್ಪಿಸ್ಕೊಳ್ಳೋಕೆ ಈ ಲೆಕ್ಕ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ, ಆದ್ರೆ ಬೆಂಗಳೂರಂಥ ದೊಡ್ಡ ಊರಲ್ಲಿ ತಿಂಗಳ ಬಾಡಿಗೆ 3500 ರೂಪಾಯಿ ದಾಟಿದ್ರೆ ಅದು ಅನ್ವಯ ಆಗಲ್ಲ, ಈಗ ಆ ದುಡ್ಡಿಗೆ ಎಂಥ ಮನೆ ಸಿಗತ್ತೆ ನೀವೇ ಹೇಳಿ. ಉಳಿದವರಿಗೆಲ್ಲ ಆಸ್ತಿ ವರ್ಗಾವಣೆ ಕಾಯ್ದೆ, ಅಗ್ರಿಮೆಂಟಲ್ಲಿ ಬೇರೆ ಏನೂ ಬರೆದಿಲ್ಲ ಅಂದ್ರೆ ತಿಂಗಳ ಬಾಡಿಗೆಯವರಿಗೆ 15 ದಿನದ ನೋಟಿಸು. ನೋಟಿಸ್ ಕೊಟ್ಟ ಮಾತ್ರಕ್ಕೆ ಸಾಮಾನು ಎತ್ತಿ ಬೀದಿಗೆ ಹಾಕೋ ಅಧಿಕಾರ ಬರಲ್ಲ, ಏಳಲ್ಲ ಅಂದವರನ್ನ ಕೋರ್ಟ್ ಮೂಲಕವೇ ಎಬ್ಬಿಸಬೇಕು.

ಒಕ್ಕಲೆಬ್ಬಿಸು ಮೊದ್ಲು ರೈತರಿಗೆ ಸಂಬಂಧಪಟ್ಟ ಪದ ಅಂತಾರೆ, ಹೌದಾ?

ಹೌದು, ಪದದ ಮುಖ್ಯ ಜಾಗನೇ ಅದು, ಗದ್ದೆ. ಗೇಣಿ ಪದ್ಧತೀಲಿ ಜಮೀನು ಒಡೆಯರದ್ದು, ಉಳೋದು ಒಕ್ಕಲು. ಕಾಗದ ಪತ್ರ ಬಹಳ ಕಡೆ ಇರ್ತಿರ್ಲಿಲ್ಲ, ಎಲ್ಲ ಬಾಯಿ ಮಾತು. ಹಾಗಾಗಿ "ಈ ವರ್ಷ ಗದ್ದೆಗೆ ಇಳೀಬೇಡ" ಅಂತ ಒಂದು ಮಾತು ಹೇಳಿದ್ರೆ ಮುಗೀತು, ಎಬ್ಬಿಸಿದ ಹಾಗೇ.

ನಮ್ಮ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಆಗಿದ್ದು ಇದೇ. ಗೇಣಿ ಭತ್ತ ಅಳೆಯೋ ಕೊಳಗ ದೊಡ್ಡದಿದೆ, ನ್ಯಾಯವಾದ ಅಳತೇಲಿ ತಗೊಳ್ಳಿ ಅಂತ ಒಕ್ಕಲುಗಳು ಕೇಳಿದ್ರು. ಜಗಳ ಬೆಳೀತು, ಗದ್ದೆ ಉಳೋದಕ್ಕೆ ಬಿಡಲ್ಲ ಅಂದ್ರು. ಎಚ್. ಗಣಪತಿಯಪ್ಪ ಸಂಘಟನೆ ಮಾಡಿದ್ರು, ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, ನೇಗಿಲು ಹಿಡಿದು ಗದ್ದೆಗೆ ಇಳಿಯೋದು ಪೊಲೀಸರು ಹಿಡ್ಕೊಂಡು ಹೋಗೋದು. ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದ್ರು, ಆಮೇಲೆ ಇಡೀ ದೇಶಕ್ಕೆ ಸುದ್ದಿ ಆಯ್ತು. ಒಂದು ಕೊಳಗದಿಂದ ಶುರುವಾಗಿದ್ದು ನೋಡಿ.

ಭೂಸುಧಾರಣಾ ಕಾಯ್ದೆ 1961ರಲ್ಲೇ ಬಂದಿದ್ರೂ ಅದಕ್ಕೆ ಹಲ್ಲು ಬಂದಿದ್ದು ದೇವರಾಜ ಅರಸು ಕಾಲದ 1974ರ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿದ ಹಾಗೆ ಲೆಕ್ಕ, ಉಳುತ್ತಿದ್ದವರು ನಮೂನೆ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟು ಹಕ್ಕು ಪಡೀಬೇಕು, ಅರ್ಜಿ ಹಾಕೋ ಕೊನೇ ದಿನ ಮುಂದೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಕರಾವಳಿ ಕಡೆ ಹಳಬರು ಇದಕ್ಕೆ "ಡಿಕ್ಲರೇಷನ್" ಅಂತಾರೆ. "ಉಳುವವನೇ ಹೊಲದೊಡೆಯ" ಅನ್ನೋ ಘೋಷಣೆ ಎಲ್ರಿಗೂ ಗೊತ್ತು. ಆದ್ರೆ ಕಾನೂನು ಬರತ್ತೆ ಅಂತ ಸುಳಿವು ಸಿಕ್ಕಾಗ ಮುಂಚೇನೇ ಒಕ್ಕಲೆಬ್ಬಿಸಿದ ಜಮೀನ್ದಾರರು ಇದ್ರು, ಅರ್ಜಿ ಹಾಕೋಕೆ ಸಂಕೋಚ ಪಟ್ಟು ಒಡೆಯರ ಮುಖ ನೋಡಿ ಸುಮ್ಮನಾದ ಒಕ್ಕಲುಗಳೂ ಇದ್ರು. ಎಬ್ಬಿಸೋಕೆ ಯಾವಾಗ್ಲೂ ಪೊಲೀಸೇ ಬೇಕು ಅಂತಿಲ್ಲ, ಮುಲಾಜು ಸಾಕು.

ಡ್ಯಾಮ್ ಕಟ್ಟಿ ಊರು ಮುಳುಗಿದ್ರೆ ಅದಕ್ಕೆ ಒಕ್ಕಲೆಬ್ಬಿಸು ಅನ್ನಬಹುದಾ ಅಥವಾ ಮುಳುಗಡೆ ಅನ್ನಬೇಕಾ?

ಮುಳುಗೋದು ನೆಲ, ಏಳೋದು ಜನ. ಎರಡೂ ಬೇಕು.

ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು ಬಂತು, ಆಮೇಲೆ 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಹಳೇ ಅಣೆಕಟ್ಟೇ ನೀರಲ್ಲಿ ಮುಳುಗ್ತು, ಬೇಸಿಗೇಲಿ ನೀರು ತೀರ ಇಳಿದ್ರೆ ಈಗ್ಲೂ ತಲೆ ಎತ್ತತ್ತೆ. ನಮ್ಮ ಅಜ್ಜಿ ಮನೆಯವರು ಆ ನೀರಿಂದ ಎದ್ದವರು. ಅಜ್ಜಿ ಯಾವತ್ತೂ ಒಕ್ಕಲೆಬ್ಬಿಸಿದ್ರು ಅಂದಿದ್ದು ನಾನು ಕೇಳಿಲ್ಲ, ಸಂತ್ರಸ್ತರು ಅನ್ನೋ ಪದ ಅವಳ ಬಾಯಿಗೆ ಬರ್ತಾನೂ ಇರ್ಲಿಲ್ಲ. "ನಮ್ಮನ್ನ ಎಬ್ಸಿದ್ರು" ಅಷ್ಟೇ. ಬೆಳಗಿನ ಜಾವ ಯಾರೋ ಬಾಗಿಲು ತಟ್ಟಿ ಎಬ್ಬಿಸಿದ್ರೇನೋ ಅನ್ನೋ ಹಾಗೆ ಹೇಳೋಳು. ಚಿಕ್ಕವನಿದ್ದಾಗ ನಾನು ಹಾಗೇ ಅಂದ್ಕೊಂಡಿದ್ದೆ, ರಾತ್ರಿ ಮಲಗಿದ್ದಾಗ ನೀರು ಬಂತು, ಯಾರೋ ಪುಣ್ಯಾತ್ಮರು ಎಬ್ಬಿಸಿದ್ರು ಅಂತ. ಆ ಪದಕ್ಕೆ ಇನ್ನೊಂದು ಅರ್ಥ ಇದೆ ಅಂತ ತಿಳಿಯೋ ಹೊತ್ತಿಗೆ ಅಜ್ಜಿ ಇರ್ಲಿಲ್ಲ.

ಅಲ್ಲಿಂದ ಲಾರಿ ಹತ್ತಿಸಿ ಬಿಟ್ಟ ಎಷ್ಟೋ ಕುಟುಂಬಗಳು ಕೂತಿದ್ದು ಕಾಡಿನ ಜಾಗದಲ್ಲಿ, ಅದರ ಹಕ್ಕುಪತ್ರದ ತಗಾದೆ ಇವತ್ತಿಗೂ ನಡೀತಾ ಇದೆ, ಅಂದ್ರೆ ಒಂದು ಸಲ ಎಬ್ಬಿಸಿ ಕೂರಿಸಿದವರಿಗೆ ಮತ್ತೆ ಏಳಿ ಅನ್ನೋ ನೋಟಿಸ್ ಬರಬಹುದು ಅನ್ನೋ ಭಯ ಅರವತ್ತು ವರ್ಷ ಆದ್ರೂ ಹೋಗಿಲ್ಲ. ಎದ್ದು ಹೋಗದೆ ಹಿನ್ನೀರಿನ ಆಚೆ ದಡದಲ್ಲೇ ಉಳಿದ ತುಮರಿ ಕಡೆಯವರ ಕಥೆ ಬೇರೆ, ಅವರ ಹತ್ತಿರದ ದಾರಿಯೇ ನೀರಾಗಿ, ಲಾಂಚೇ ಗತಿ ಆಯ್ತು, ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಓಪನ್ ಆಗಿದ್ದು 2025ರಲ್ಲಿ.

ಬಾಗಲಕೋಟೆ ಕಡೆ ಆಲಮಟ್ಟಿಯಿಂದ ಆಗಿದ್ದಕ್ಕೆ "ಮುಳುಗಡೆ" ಅನ್ನೋದೇ ಬಳಕೆ, ಹಳೇ ಊರಿನ ಎಷ್ಟೋ ಭಾಗ ಹಿನ್ನೀರಿಗೆ ಹೋಗಿ ನವನಗರ ಅಂತ ಹೊಸ ಊರೇ ಕಟ್ಟಿದ್ರು. ಅಲ್ಲಿ ಸಾಮಾನ್ಯ ಜನರ ಬಾಯಲ್ಲೂ 519, 524 ಅನ್ನೋ ನಂಬರ್ ಬರತ್ತೆ. ಅಣೆಕಟ್ಟಲ್ಲಿ ಈಗ ನೀರು ನಿಲ್ಲಿಸೋ ಮಟ್ಟ 519.6 ಮೀಟರ್, ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು 524.256 ಮೀಟರ್. ಐದು ಮೀಟರಿಗೂ ಕಮ್ಮಿ, ಆದ್ರೆ ಆ ಅಂತರದಲ್ಲಿ ಇನ್ನೂ ಏಳಬೇಕಾಗಿರೋ ಊರುಗಳಿವೆ.

ಕಾಡಿನಲ್ಲಿರೋ ಆದಿವಾಸಿಗಳ ವಿಷಯದಲ್ಲಿ "ಸ್ಥಳಾಂತರ", "ಪುನರ್ವಸತಿ" ಅಂತ ಬರೀತಾರಲ್ಲ?

ಸ್ಥಳಾಂತರ ಅಂದ್ರೆ ಸ್ಥಳ ಬದಲಾವಣೆ, ಫ್ಯಾಕ್ಟರಿಗೂ ಆಗತ್ತೆ ಬಸ್ ಸ್ಟ್ಯಾಂಡಿಗೂ ಆಗತ್ತೆ. ಒಪ್ಪಿ, ಜಾಗ ನೋಡಿ, ಕೊಟ್ಟಿದ್ದು ಕೈಗೆ ಬಂದ ಮೇಲೆ ಹೋದ್ರೆ ಸ್ಥಳಾಂತರ ಅನ್ನಿ, ತಕರಾರಿಲ್ಲ. ನಾಗರಹೊಳೆಯಿಂದ ಹೊರಬಂದ ಜೇನು ಕುರುಬರು, ಬೆಟ್ಟ ಕುರುಬರು, ಯರವರು "ನಮ್ಮನ್ನ ಎಬ್ಬಿಸಿದ್ದು" ಅಂತ ಹೇಳುವಾಗ ನಾವು ಅದನ್ನ ಸ್ಥಳಾಂತರ ಅಂತ ತಿದ್ದಿ ಬರೆಯೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

2006ರ ಅರಣ್ಯ ಹಕ್ಕು ಕಾಯ್ದೆಯ 4(5) ಕಲಂ ಪ್ರಕಾರ ಹಕ್ಕಿನ ಪರಿಶೀಲನೆ ಮುಗಿಯೋವರೆಗೂ ಯಾರನ್ನೂ ಒಕ್ಕಲೆಬ್ಬಿಸೋ ಹಾಗಿಲ್ಲ. ಆದಿವಾಸಿಗಳಲ್ಲದ ಕಾಡಿನ ವಾಸಿಗಳಾದ್ರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು, ಎಷ್ಟು ಜನರ ಹತ್ರ ಇರತ್ತೆ ಅಷ್ಟು ಹಳೇ ಕಾಗದ? ಅರ್ಜಿ ತಿರಸ್ಕಾರ ಆದವರನ್ನ ಹೊರಗೆ ಕಳಿಸಿ ಅಂತ ಸುಪ್ರೀಂ ಕೋರ್ಟ್ 2019ರ ಫೆಬ್ರವರೀಲಿ ಆದೇಶ ಮಾಡಿ ಅದೇ ತಿಂಗಳ ಕೊನೇಲಿ ತಡೆ ಕೊಟ್ಟಿದ್ದು ನೆನಪಿರಬಹುದು.

ಫುಟ್‌ಪಾತ್ ವ್ಯಾಪಾರಿಗಳನ್ನ?

ಎಬ್ಬಿಸು ಸಾಕು, ಒಕ್ಕಲು ಬೇಡ, ಅವರು ಅಲ್ಲಿ ಸಂಸಾರ ಮಾಡ್ತಿಲ್ಲ. ಆದ್ರೆ ಅವರಿಗೂ ಕಾನೂನಿದೆ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಸರ್ವೆ ಮುಗಿಸಿ ಸರ್ಟಿಫಿಕೇಟ್ ಕೊಡೋವರೆಗೆ ಎಬ್ಬಿಸೋ ಹಾಗಿಲ್ಲ, ಎಬ್ಬಿಸೋದಾದ್ರೆ 30 ದಿನದ ನೋಟಿಸ್. ಸಂಜೆ ಆರು ಗಂಟೆಗೆ ಜೀಪ್ ಬಂದು ತಕ್ಕಡಿ ಎತ್ಕೊಂಡು ಹೋಗೋದಕ್ಕೆ ಯಾವ ನೋಟಿಸೂ ಇರಲ್ಲ ಅನ್ನೋದು ಬೇರೆ ಮಾತು.

ಯಾರೂ ಎಬ್ಬಿಸದೇ ಜನ ತಾವಾಗಿ ಹೋದ್ರೆ?

ಅದಕ್ಕೂ ಇದೆ, "ಒಕ್ಕಲೆದ್ದು ಹೋದರು". ಕಂದಾಯ ಜಾಸ್ತಿ ಆಯ್ತು, ಪ್ಲೇಗ್ ಬಂತು, ಮಳೆ ಕೈಕೊಡ್ತು, ದಂಡು ಬಂತು, ಊರಿಗೆ ಊರೇ ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಹೋಗೋದು. ಹಾಗೆ ಬರಿದಾದ ಊರಿಗೆ ಜನ ಹಾಳೂರು ಅಂದ್ರೆ ಕಂದಾಯ ಇಲಾಖೆ ರೆಕಾರ್ಡಲ್ಲಿ "ಬೇಚರಾಕ್" ಅಂತ ಇರತ್ತೆ. ಪಾರ್ಸಿಯ ಬೇ ಚಿರಾಗ್, ದೀಪ ಇಲ್ಲದ್ದು. ಊರಿಗೆ ನಂಬರ್ ಇದೆ, ಗಡಿ ಇದೆ, ಜಮೀನಿಗೆ ಪಹಣಿ ಇದೆ, ದೀಪ ಹಚ್ಚೋರು ಇಲ್ಲ.

ತಾವಾಗಿ ಅಂತೀವಿ, ಅದೂ ಎಷ್ಟರಮಟ್ಟಿಗೆ ತಾವಾಗಿ ಅಂತ ಕೇಳ್ಕೋಬೇಕು.

"ಊಟದ ಎಲೆಯಿಂದ ಎಬ್ಬಿಸಿದರು" ಅಂದ್ರೆ ಅಷ್ಟು ದೊಡ್ಡ ವಿಷಯನಾ?

ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಕೂತು ಎಲೆ ಹಾಕಿ ಅನ್ನ ಬಡಿಸಿದ ಮೇಲೆ ಶತ್ರುವನ್ನೂ ಎಬ್ಬಿಸಬಾರದು ಅಂತ ಹೇಳೋ ಊರುಗಳಲ್ಲೇ ಜಾತಿ ಕೇಳಿ ಪಂಕ್ತಿಯಿಂದ ಎಬ್ಬಿಸಿದ್ದೂ ನಡೆದಿದೆ. ಹೊರಗೆ ಹಾಕಿದ್ರು ಅನ್ನಲ್ಲ ಯಾರೂ, ಎಬ್ಬಿಸಿದ್ರು ಅಂತಲೇ ಹೇಳೋದು, ಯಾಕಂದ್ರೆ ನೋವಿರೋದು ಬಾಗಿಲ ಹೊರಗಲ್ಲ, ಕೂತಿದ್ದವನು ಎಲ್ಲರ ಎದುರು ಎದ್ದು ನಿಂತ ಆ ಕ್ಷಣದಲ್ಲಿ.

ಬೇರೆ ಏನೇನನ್ನ ಎಬ್ಬಿಸಬಹುದು?

ಧೂಳು, ಗಲಾಟೆ, ಹುಯಿಲು, ಗಾಳಿಸುದ್ದಿ. ಹೊಗೆ ಹಾಕಿ ಜೇನು ಎಬ್ಬಿಸ್ತಾರೆ, ಕ್ವಾರೀಲಿ ಬಂಡೆ ಎಬ್ಬಿಸ್ತಾರೆ. ಮಲೆನಾಡಲ್ಲಿ ಶಿಕಾರಿ ಇದ್ದ ಕಾಲದಲ್ಲಿ ಕೂಗು ಹಾಕ್ತಾ ಪೊದೆ ಬಡೀತಾ ಪ್ರಾಣಿಗಳನ್ನ ಬಂದೂಕಿನ ಕಡೆ ಎಬ್ಬಿಸೋದಕ್ಕೆ ಸೋವೋದು ಅಂತ ಬೇರೆ ಪದಾನೇ ಇತ್ತು. "ಚರ್ಮ ಎಬ್ಬಿಸ್ತೀನಿ" ಅಂತ ಮೇಷ್ಟ್ರು ಹೇಳ್ತಿದ್ದಿದ್ದು ನಮ್ಮ ಕಾಲಕ್ಕೆ ಮುಗೀತು, ಒಳ್ಳೇದಾಯ್ತು. ಕಾಡಾನೆ ಊರಿಗೆ ಬಂದ್ರೆ ಮಾತ್ರ ಓಡಿಸೋದು, ಅಥವಾ ಕಾಡಿಗಟ್ಟೋದು, ಎಬ್ಬಿಸೋದಲ್ಲ, ಮಲಗಿದ್ರೆ ಎಬ್ಬಿಸೋಕೆ ಹೋಗಲೂ ಬೇಡಿ.

ನಮ್ಮತ್ತೆ "ದೋಸೆ ಏಳ್ತಾ ಇಲ್ಲ" ಅಂದ್ರು, ನಾನು ಹಿಟ್ಟು ಹುಳಿ ಬಂದಿಲ್ಲ ಅಂದ್ಕೊಂಡೆ. ತಪ್ಪಾ?

ತಪ್ಪು. ಹಿಟ್ಟು ಉಬ್ಬತ್ತೆ, ದೋಸೆ ಏಳತ್ತೆ. ಏಳ್ತಾ ಇಲ್ಲ ಅಂದ್ರೆ ಕಾವಲಿಗೆ ಕಚ್ಚಿಕೊಂಡಿದೆ ಅಂತ. ಸಟ್ಟುಗ ಹಾಕಿ ನಡುವಿಂದ ಕೆರೆದು ಎಬ್ಬಿಸೋಕೆ ಹೋದ್ರೆ ಹರಿದು ಚೂರಾಗತ್ತೆ. ಉರಿ ಸಣ್ಣ ಮಾಡಿ ಒಂದು ನಿಮಿಷ ಬಿಡಿ, ಅಂಚಿಗೆ ಎಣ್ಣೆ ಬಿಡಿ, ಬೆಂದ್ರೆ ಅಂಚು ತಾನಾಗೇ ಬಿಡ್ತಾ ಬರತ್ತೆ. ಮುಂದಿನದ್ದು ಹುಯ್ಯೋ ಮುಂಚೆ ಅರ್ಧ ಈರುಳ್ಳಿ ತಗೊಂಡು ಎಣ್ಣೆ ಅದ್ದಿ ಕಾವಲಿ ಉಜ್ಜಿ. ಹೊಸ ಕಬ್ಬಿಣದ ಕಾವಲಿ ಆದ್ರೆ ಮೊದಲ ನಾಲ್ಕೈದು ದೋಸೆ ಹೇಗಿದ್ರೂ ಏಳಲ್ಲ, ಅದನ್ನ ಕೆರೆದು ಮಕ್ಕಳಿಗೆ ಸಕ್ಕರೆ ಹಾಕಿ ಕೊಟ್ಬಿಡಿ, ಅತ್ತೆಗೆ ತೋರಿಸಬೇಡಿ.